ಮೀನುಗಿಡುಗದ ಎಡಗಾಲಿನ ಉಂಗುರ

ಆ ಬೇಸಿಗೆಯಲ್ಲಿ ನಾನು ಓದಬೇಕಿದ್ದದ್ದು ಒಂದು ಅಕ್ಷರ, ಒಂದು ಅಂಕಿ. ಅಷ್ಟೇ. ಎರಡೂ ಒಂದು ಹಕ್ಕಿಯ ಎಡಗಾಲಿನಲ್ಲಿದ್ದವು.

ಹಕ್ಕಿ ಎಂದರೆ ಮೀನುಗಿಡುಗ. ನೀರಿಗೆ ಕಾಲು ಮುಂದೆ ಮಾಡಿ ಧುಮುಕಿ ಮೀನು ಎತ್ತಿಕೊಂಡು ಹೋಗುತ್ತದಲ್ಲ, ಅದು. ನಮ್ಮ ಹಗರಿಬೊಮ್ಮನಹಳ್ಳಿ ಕಡೆ ತುಂಗಭದ್ರಾ ಹಿನ್ನೀರಿಗೂ ಚಳಿಗಾಲದಲ್ಲಿ ಒಂದೆರಡು ಬರುತ್ತವೆ. ಅಲ್ಲಿ ಹಕ್ಕಿ ಎಣಿಸಲು ಬಂದಿದ್ದ ಮೈಸೂರಿನ ಸಂಶೋಧಕಿಯೊಬ್ಬರಿಗೆ ನಾನು ಫೋಟೋ ತೆಗೆದುಕೊಟ್ಟಿದ್ದೆ. ನನ್ನದು ಮದುವೆ ಮತ್ತು ಪಾಸ್‌ಪೋರ್ಟ್ ಫೋಟೋದ ಸ್ಟುಡಿಯೋ. ಹಕ್ಕಿಗಳದ್ದು ಸ್ವಂತ ಹುಚ್ಚು. ಎರಡು ವರ್ಷವಾದ ಮೇಲೆ ಅವರು ಸ್ವೀಡನ್ನಿನಿಂದ ಫೋನು ಮಾಡಿ, ಮೂರು ತಿಂಗಳಿಗೆ ಬನ್ನಿ ಎಂದರು. ಅವರು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಅವರ ಗಂಡ ಕಾರ್ಲ್‌ಸ್ಕ್ರೂನಾದಲ್ಲಿ ಟೆಲಿಕಾಂ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ಊರಿನ ಮುಂದೆಯೇ ಸಮುದ್ರ, ಸಮುದ್ರದ ತುಂಬಾ ಬೋಳು ಬಂಡೆಯ ಚಿಕ್ಕ ಚಿಕ್ಕ ನಡುಗಡ್ಡೆಗಳು. ಅವುಗಳಲ್ಲೊಂದರ ಮೇಲೆ ಗಾಳಿಗೆ ತಲೆ ಚಪ್ಪಟೆಯಾದ ಒಂದು ಪೈನ್ ಮರ. ಅದರ ತುದಿಯಲ್ಲಿ ಗೂಡು.

ಗೂಡಿನ ಹೆಣ್ಣಿಗೆ ಉಂಗುರವಿತ್ತು. ಅಲ್ಲಿ ಮರಿಯಾಗಿದ್ದಾಗಲೇ ಕಾಲಿಗೆ ಪ್ಲಾಸ್ಟಿಕ್ ಉಂಗುರ ಹಾಕಿ ಬಿಡುತ್ತಾರೆ. ಮೇಲೆ ಒಂದು ಅಕ್ಷರ, ಕೆಳಗೆ ಒಂದು ಅಂಕಿ. ಈ ಗಿಡುಗಗಳು ಆಗಸ್ಟ್ ಹೊತ್ತಿಗೆ ಹೊರಟು ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತವೆ, ಏಪ್ರಿಲ್‌ನಲ್ಲಿ ವಾಪಸ್ ಬರುತ್ತವೆ. ಅಲ್ಲಿನ ಒಂದು ನದಿ ಸಮುದ್ರ ಸೇರುವ ಜಾಗದಲ್ಲಿ, ಒಣಮರದ ಮೇಲೆ ಕೂತ ಒಂದು ಗಿಡುಗದ ಫೋಟೋ ಯಾರೋ ತೆಗೆದು ಕಳಿಸಿದ್ದರು. ಅದರ ಉಂಗುರದಲ್ಲಿ ಕೆ, ಎಂಟು ಎಂದಿತ್ತು. ನಮ್ಮ ನಡುಗಡ್ಡೆಯ ಹೆಣ್ಣೂ ಅದೇ ಎಂದು ಗೊತ್ತಾದರೆ, ಒಂದೇ ಹಕ್ಕಿಯ ಎರಡೂ ಮನೆ ಕೈಗೆ ಸಿಕ್ಕಂತೆ. ಸಂಶೋಧಕಿಯ ಮೂರನೇ ಅಧ್ಯಾಯ ಪೂರ್ತಿ ಇದರ ಮೇಲೆ ನಿಂತಿತ್ತು. ದುರ್ಬೀನಿನಲ್ಲಿ ಕಂಡೆ ಎಂದರೆ ಸಾಲದು, ಫೋಟೋ ಬೇಕು ಎಂದು ಅವರ ಗೈಡ್ ಹೇಳಿಬಿಟ್ಟಿದ್ದರು. ಅವರಿಗೆ ಅದು ಕೊನೆಯ ಬೇಸಿಗೆ. ಮುಂದಿನ ವರ್ಷಕ್ಕೆ ಹಣವೂ ಇರಲಿಲ್ಲ, ಪರವಾನಗಿಯೂ ಇರಲಿಲ್ಲ.

ನಾನು ಹೋದ ವಾರವೇ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಗಂಡ ಕೇಳಿದರು, "ಅಣ್ಣ, ಇಲ್ಲಿ ಲೈಬ್ರರಿ ಕಾರ್ಡ್ ಬೇಕಂದ್ರಲ್ಲ, ಸಿಕ್ತಾ?"

"ಇಲ್ರೀ. ಸರ್ಕಾರ ಕೊಡೋ ನಂಬರ್ ಐತಲ್ರೀ, ಪರ್ಸೂನ್‌ನುಮ್ಮರ್, ಅದನ್ನ ಕೊಡಿ ಅಂದ್ರು. ನನ್ ಹತ್ರ ಎಲ್ಲೈತಿ?"

"ನೋಡಿ, ಹಕ್ಕಿಗೆ ನಂಬರ್ ಇದೆ, ನಿಮಗಿಲ್ಲ. ಈ ದೇಶದಲ್ಲಿ ಅದು ನಿಮಗಿಂತ ಸೀನಿಯರ್."

"ಸುಮ್ನಿರಿ ನೀವು," ಎಂದು ಸಂಶೋಧಕಿ ಗದರಿದರು. ಆದರೆ ಅವರಿಗೂ ನಗು ಬಂದಿತ್ತು.

ದೋಣಿ ಒಬ್ಬ ಮುದುಕರದು. ನಿವೃತ್ತ ಮೀನುಗಾರರು. ಹಕ್ಕಿಗೆ ಉಂಗುರ ಹಾಕುವ ಪರವಾನಗಿ ಅವರಿಗಿತ್ತು. ನಾನು ಅವರನ್ನು ಅಜ್ಜ ಎಂದೇ ಕರೆದೆ. ಅದರ ಅರ್ಥ ಸಂಶೋಧಕಿ ಹೇಳಿದ ಮೇಲೆ ಅವರೂ ಆ ಹೆಸರಿಗೆ ತಿರುಗಿ ನೋಡುತ್ತಿದ್ದರು. ಅವರ ಇಂಗ್ಲಿಷ್ ನಿಧಾನ, ನನ್ನ ಇಂಗ್ಲಿಷ್ ಇನ್ನೂ ನಿಧಾನ. ಹಾಗಾಗಿ ನಮಗಿಬ್ಬರಿಗೂ ಚೆನ್ನಾಗಿ ಹೊಂದಿತು.

ಅಜ್ಜ ಮೊದಲ ದಿನವೇ ಎರಡು ನಿಯಮ ಹೇಳಿದರು. ಒಂದು, ಮೊಟ್ಟೆ ಒಡೆದು ಮರಿ ಬರುವವರೆಗೆ ಆ ನಡುಗಡ್ಡೆಗೆ ಕಾಲಿಡುವಂತಿಲ್ಲ. ಮೊಟ್ಟೆ ಬಿಟ್ಟು ಹೋಗುವ ತಾಯಿ ಮರಿ ಬಿಟ್ಟು ಹೋಗುವುದು ಕಡಿಮೆ. ಎರಡು, ನಾವು ಅಡಗಿ ಕೂತ ಮೇಲೆ ತಾಯಿ ಇಪ್ಪತ್ತು ನಿಮಿಷದೊಳಗೆ ಗೂಡಿಗೆ ಇಳಿಯದಿದ್ದರೆ, ಎದ್ದು ಬರಬೇಕು. ಎರಡನೆಯದನ್ನು ಅವರು ತಮ್ಮ ಗಡಿಯಾರ ತೋರಿಸಿ ಹೇಳಿದರು.

ಜಿಲ್ಲೆಯ ಕಚೇರಿಯಿಂದ ಹದಿನಾಲ್ಕು ದಿನದ ಅನುಮತಿ ಸಿಕ್ಕಿತು. ಜೂನ್ ಎರಡನೇ ವಾರದಲ್ಲಿ ಕೆಲಸ ಶುರು ಮಾಡಿದೆವು.

ಗೂಡಿನ ಎದುರಿಗೆ ದಕ್ಷಿಣದಲ್ಲಿ ಬಂಡೆಯೊಂದು ಎದ್ದಿತ್ತು. ಅದರ ನೆತ್ತಿ ಗೂಡಿನ ಎತ್ತರಕ್ಕೇ ಇತ್ತು. ಅಲ್ಲಿ ಹೈಡ್ ಇಡುವುದು. ಹೈಡ್ ಎಂದರೆ ಒಬ್ಬ ಕೂರುವಷ್ಟು ಪುಟ್ಟ ಬಟ್ಟೆಯ ಡೇರೆ. ಲೆನ್ಸ್ ತೂರಿಸಲು ಮುಂದೆ ಒಂದು ಕಿಂಡಿ. ಇದನ್ನು ಒಂದೇ ಸಲ ಹತ್ತಿರ ಇಟ್ಟರೆ ಹಕ್ಕಿ ಗೂಡನ್ನೇ ಬಿಡಬಹುದು. ಮೊದಲು ನೂರೈವತ್ತು ಮೀಟರ್ ದೂರದಲ್ಲಿ ಖಾಲಿ ಡೇರೆ ನಿಲ್ಲಿಸಿ ಬಂದೆವು. ಮರುದಿನ ಇಪ್ಪತ್ತು ಮೀಟರ್ ಮುಂದಕ್ಕೆ. ಹೀಗೆ ಆರು ದಿನ, ದಿನಕ್ಕೆ ಹತ್ತೇ ನಿಮಿಷದ ಕೆಲಸ. ಆರನೇ ದಿನಕ್ಕೆ ಐವತ್ತು ಮೀಟರ್. ಅದಕ್ಕಿಂತ ಹತ್ತಿರ ಬೇಡ ಎಂದರು ಅಜ್ಜ. ಅದಕ್ಕಿಂತ ದೂರ ನನಗೆ ಆಗುತ್ತಿರಲಿಲ್ಲ. ಎಂಟು ಮೆಗಾಪಿಕ್ಸೆಲ್ ಕ್ಯಾಮೆರಾ ಎಂದರೆ ದೊಡ್ಡದು ಎನ್ನುತ್ತಿದ್ದ ಕಾಲ. ವಿಶ್ವವಿದ್ಯಾಲಯದ ಐನೂರು ಎಂಎಂ ಲೆನ್ಸಿಗೆ ಕನ್ವರ್ಟರ್ ಸೇರಿಸಿ ಏಳುನೂರು ಮಾಡಿಕೊಂಡರೂ, ಐವತ್ತು ಮೀಟರಿನಿಂದ ಆ ಉಂಗುರ ಪರದೆಯ ಮೇಲೆ ಜೋಳದ ಕಾಳಿನಷ್ಟು ಕಾಣುತ್ತಿತ್ತು.

ಏಳನೇ ದಿನ ಒಳಗೆ ಕೂರುವ ದಿನ. ಇದಕ್ಕೂ ಒಂದು ಕ್ರಮವಿದೆ. ಹಕ್ಕಿಗೆ ಎಣಿಸಲು ಬರುವುದಿಲ್ಲ ಎಂದಿದ್ದರು ಅಜ್ಜ. ಇಬ್ಬರು ಹೈಡಿನೊಳಗೆ ಹೋಗಿ ಒಬ್ಬರು ಹೊರಗೆ ಬಂದು ದೋಣಿ ಹತ್ತಿ ಹೋದರೆ, ಬಂದವರೆಲ್ಲ ಹೋದರು ಎಂದುಕೊಳ್ಳುತ್ತದೆ. ಬೆಳಿಗ್ಗೆ ಐದಕ್ಕೆ ಅಜ್ಜನೂ ನಾನೂ ಒಳಗೆ ಹೋದೆವು. ನಾನು ಟ್ರೈಪಾಡ್ ಹೂಡಿಕೊಂಡೆ. ಅಜ್ಜ ಹೊರಗೆ ಹೋಗಿ ದೋಣಿ ಬಿಟ್ಟರು. ಸಂಶೋಧಕಿ ದೋಣಿಯಲ್ಲೇ ಇದ್ದರು. ದೋಣಿ ನಡುಗಡ್ಡೆಯ ಹಿಂದಕ್ಕೆ ಮರೆಯಾಯಿತು.

ಹೆಣ್ಣು ಬಂತು. ಗೂಡಿನ ಮೇಲೆ ಸುತ್ತು ಹಾಕಿತು. ಕ್ಯೂ, ಕ್ಯೂ ಎಂದು ಒಂದೇ ಸಮ ಕೂಗಿತು. ಇಳಿಯಲಿಲ್ಲ. ಇಪ್ಪತ್ತು ನಿಮಿಷ ನೋಡಿ ನಾನು ವಾಕಿಟಾಕಿಯಲ್ಲಿ ಕರೆದು ಹೊರಗೆ ಬಂದೆ. ಲೆನ್ಸ್ ಹೊಳೆಯುತ್ತಿರಬೇಕು ಎಂದುಕೊಂಡು ಆ ರಾತ್ರಿ ಅದಕ್ಕೆ ಕಂದು ಬಟ್ಟೆ ಸುತ್ತಿದೆ. ಮರುದಿನವೂ ಇಳಿಯಲಿಲ್ಲ. ಕಿಂಡಿ ದೊಡ್ಡದಾಯಿತೇನೋ ಎಂದು ಪಿನ್ ಹಾಕಿ ಚಿಕ್ಕದು ಮಾಡಿದೆ. ಹದಿನಾಲ್ಕರಲ್ಲಿ ಎರಡು ದಿನ ಹೀಗೆ ಹೋದವು.

ಮೂರನೇ ದಿನ ಸಂಶೋಧಕಿ ದೋಣಿಯನ್ನು ಹಿಂದೆ ನಿಲ್ಲಿಸದೆ, ಎದುರಿನ ಇನ್ನೊಂದು ನಡುಗಡ್ಡೆಯ ಹತ್ತಿರಕ್ಕೆ ಒಯ್ಯಿಸಿ, ದೂರದಿಂದ ಟೆಲಿಸ್ಕೋಪಿನಲ್ಲಿ ಹೈಡನ್ನೇ ನೋಡಿದರು. ನನ್ನ ಕಿವಿಯಲ್ಲಿ ವಾಕಿಟಾಕಿ ಗೊರಗುಟ್ಟಿತು.

"ಅಣ್ಣಾ, ನಿಮ್ಮ ಬೂಟ್ ಎಲ್ಲಿ?"

"ಹೊರಗೈತ್ರೀ ಮೇಡಂ."

"ಹೊರಗ್ಯಾಕೆ?"

"ಮತ್ತೆ? ಒಳಗೆ ಹಾಕ್ಕೊಂಡ್ ಬರ್ತಾರೇನ್ರೀ?"

ಆ ಕಡೆಯಿಂದ ನಗೆ ತಡೆದುಕೊಂಡ ಧ್ವನಿ, "ಅಣ್ಣಾ, ಹಳದಿ ಬೂಟು. ಬೋಳು ಬಂಡೆ ಮೇಲೆ. ಅಕ್ಕಪಕ್ಕ ಜೋಡಿಸಿಟ್ಟಿದೀರ."

ನನ್ನ ಸ್ಟುಡಿಯೋದಲ್ಲಿ ಕಾರ್ಪೆಟ್ ಮೇಲೆ ಯಾರನ್ನೂ ಚಪ್ಪಲಿಯಲ್ಲಿ ಬಿಟ್ಟವನಲ್ಲ ನಾನು. ಹೈಡಿನ ನೆಲಕ್ಕೆ ಅಜ್ಜ ಹಳೆಯ ಚಾಪೆ ಹಾಸಿದ್ದರು. ಚಾಪೆ ಕಂಡ ಕೂಡಲೇ ಕಾಲು ತಾನಾಗಿ ಬೂಟು ಕಳಚಿತು. ಆಶ್ಚರ್ಯವೆಂದರೆ ಅಜ್ಜನೂ ಕಳಚಿದ್ದರು. ಆ ದೇಶದವರೂ ಮನೆಯೊಳಗೆ ಚಪ್ಪಲಿ ಹಾಕುವವರಲ್ಲ. ಅವರು ಹೋಗುವಾಗ ತಮ್ಮ ಬೂಟು ಮೆಟ್ಟಿಕೊಂಡು ಹೋಗಿದ್ದರು. ನನ್ನ ಜೋಡಿ ಹಾಗೇ ಇತ್ತು. ನಲವತ್ತು ವರ್ಷ ಹಕ್ಕಿ ನೋಡಿದವರಿಗೂ, ಹಕ್ಕಿಯ ಫೋಟೋಗೆಂದೇ ಅಷ್ಟು ದೂರ ಬಂದ ನನಗೂ ಅದು ತಪ್ಪು ಎಂದು ಕಾಣಲಿಲ್ಲ.

ಬಟ್ಟೆಯ ಕೆಳಗಿನಿಂದ ಕೈ ಚಾಚಿ ಒಂದೊಂದಾಗಿ ಬೂಟು ಒಳಗೆಳೆದೆ. ಆರು ನಿಮಿಷಕ್ಕೆ ಹೆಣ್ಣು ಗೂಡಿಗೆ ಇಳಿಯಿತು. ಆ ದಿನ ದೋಣಿಯಲ್ಲಿ ಅಜ್ಜ ತಮ್ಮ ಮಾತು ತಿದ್ದಿದರು. "ಜನರನ್ನು ಎಣಿಸಲು ಅದಕ್ಕೆ ಬರುವುದಿಲ್ಲ," ಎಂದರು, "ಬೂಟು ಎಣಿಸುತ್ತದೆ."

ಇಳಿದರೆ ಸಾಲದು. ಗೂಡಿನ ಅಂಚಿಗೆ ಕಡ್ಡಿಗಳು ಒಂದಡಿ ಎತ್ತರ ಒಟ್ಟಿದ್ದವು. ಹೆಣ್ಣು ಒಳಗೆ ಕೂತರೆ ನನಗೆ ತಲೆ ಮತ್ತು ಬೆನ್ನು ಮಾತ್ರ. ಕಾಲು ಕಾಣುವುದು ಎರಡೇ ಸಲ. ಒಂದು, ಗೂಡಿಗೆ ಇಳಿಯುವಾಗ ಕಾಲು ಮುಂದೆ ಚಾಚಿದ ಆ ಕ್ಷಣ. ಇನ್ನೊಂದು, ಪಕ್ಕದ ಒಣಕೊಂಬೆಯ ಮೇಲೆ ನಿಂತಾಗ. ಗಂಡುಹಕ್ಕಿ ಮೀನು ತಂದು ಕೊಡುತ್ತದೆ, ಹೆಣ್ಣು ಹರಿದು ಮರಿಗಳಿಗೆ ತಿನ್ನಿಸುತ್ತದೆ. ಹಾಗಾಗಿ ಹೆಣ್ಣು ಹಾರುವುದೇ ಕಡಿಮೆ. ದಿನಕ್ಕೆ ನಾಲ್ಕೈದು ಸಲ ಕಡ್ಡಿ ತರಲು ಹೋಗುತ್ತಿತ್ತು, ಅಷ್ಟೇ.

ಆಟೋಫೋಕಸ್ ಕಡ್ಡಿಗಳಿಗೇ ಹೋಗಿ ಕಚ್ಚಿಕೊಳ್ಳುತ್ತಿತ್ತು. ಅದನ್ನು ಆಫ್ ಮಾಡಿ, ಗೂಡಿನ ಅಂಚಿಗೆ ಕೈಯಲ್ಲೇ ಫೋಕಸ್ ಇಟ್ಟು, ರಿಂಗಿನ ಮೇಲೆ ಟೇಪು ಅಂಟಿಸಿದೆ. ಶಟರ್ ಸೆಕೆಂಡಿನ ಸಾವಿರದ ಆರುನೂರನೇ ಒಂದು ಭಾಗಕ್ಕೆ ಇಟ್ಟೆ. ಹಕ್ಕಿ ಗಾಳಿಗೆ ಎದುರಾಗಿ ಇಳಿಯುತ್ತದೆ. ದಕ್ಷಿಣದ ಗಾಳಿ ಇದ್ದರೆ ಅದರ ಕಾಲು ನನ್ನ ಕಡೆಗೆ. ಬೇರೆ ಗಾಳಿ ಇದ್ದರೆ ಬೆನ್ನೋ ಪಕ್ಕೆಯೋ. ಹತ್ತು ಗಂಟೆಯ ಮೇಲೆ ಬಂಡೆ ಕಾದು ಆವಿ ಆಡಲು ಶುರುವಾದರೆ ಚಿತ್ರವೆಲ್ಲ ನೀರಿನೊಳಗೆ ನೋಡಿದ ಹಾಗೆ. ಆದ್ದರಿಂದ ಐದರಿಂದ ಹತ್ತು, ಅಷ್ಟೇ ನನ್ನ ದಿನ. ಉಳಿದ ಹೊತ್ತು ಅಲ್ಲಾಡದೆ ಕೂರುವುದು. ಮಧ್ಯಾಹ್ನ ಎಷ್ಟೇ ಅವಸರವಿದ್ದರೂ ಅಜ್ಜ ಬೇರೆ ಬಂಡೆಯ ಮೇಲೆ ಫೀಕಾಗೆ, ಅಂದರೆ ಅಲ್ಲಿನವರ ಕಾಫಿ ವಿರಾಮಕ್ಕೆ, ಕೂರುವುದು ನನಗೆ ದೂರದಿಂದ ಕಾಣುತ್ತಿತ್ತು. ಕಾಫಿಯ ಆಸೆಯಾಗುತ್ತಿತ್ತು.

ಹೀಗೆ ನಾಲ್ಕು ದಿನ. ಇನ್ನೂರಕ್ಕೂ ಹೆಚ್ಚು ಫ್ರೇಮು. ಹದಿಮೂರನೇ ದಿನ ಸಂಜೆ ಅವರ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಗಂಡ ಒಂದೊಂದೇ ಹಿಗ್ಗಿಸಿ ತೋರಿಸಿದರು. ಒಂದು ಫ್ರೇಮಿನಲ್ಲಿ ಮೇಲಿನ ಅಕ್ಷರ ಸ್ಪಷ್ಟವಾಗಿ ಬಂದಿತ್ತು. ಕೆ. ಕೆಳಗಿನ ಅಂಕಿಯ ಬಲ ಅರ್ಧ ಮಾತ್ರ ಕಾಣುತ್ತಿತ್ತು. ಎಡ ಅರ್ಧ ಕಾಲಿನ ಹಿಂದಕ್ಕೆ ಸುತ್ತಿಕೊಂಡಿತ್ತು.

"ಎಂಟು," ಎಂದರು ಗಂಡ.

"ಮೂರೂ ಆಗಬಹುದು," ಎಂದರು ಸಂಶೋಧಕಿ.

"ಕೆ ಬಂತಲ್ಲ ಮಾರಾಯ್ತಿ. ಎಂಟು ಅಂತ ಹಾಕ್ಬಿಡು. ಯಾರ್ ನೋಡ್ತಾರೆ?"

"ನಾನು ನೋಡ್ತೀನಲ್ಲ."

ಗಂಡ ನನ್ನ ಕಡೆ ತಿರುಗಿದರು. "ಅಣ್ಣ, ನೀವ್ ಹೇಳಿ. ನಿಮ್ಮ ಕಣ್ಣಿಗೆ ಏನ್ ಕಾಣ್ತಿದೆ?"

ನನಗೆ ಎಂಟೇ ಬೇಕಾಗಿತ್ತು. ತುಂಬಾ ಹೊತ್ತು ನೋಡಿದೆ. "ಅರ್ಧ ಕಾಣ್ತೈತ್ರೀ," ಎಂದೆ. "ಉಳಿದರ್ಧ ನಾಳೆ ತರ್ತೀನಿ."

ಆ ಮಾತು ಆಡಬಾರದಿತ್ತು. ಸಂಶೋಧಕಿಯ ಮುಖ ಅದನ್ನು ಕೇಳಿ ಎಷ್ಟು ಹಗುರಾಯಿತು ಎಂದರೆ, ಆ ಮುಖ ನನಗೆ ಮರುದಿನವೆಲ್ಲ ಕಾಣುತ್ತಿತ್ತು.

ಹದಿನಾಲ್ಕನೇ ದಿನ ಮೋಡ. ಬಂಡೆ ಕಾಯುವುದಿಲ್ಲ, ಆವಿ ಆಡುವುದಿಲ್ಲ, ಫೋಟೋಗೆ ಒಳ್ಳೆಯದೇ ಎಂದುಕೊಂಡೆ. ಅಜ್ಜ ಆಕಾಶ ನೋಡಿ ಕೋಟಿನ ಗುಂಡಿ ಹಾಕಿಕೊಂಡರು. ಅಜ್ಜನೂ ನಾನೂ ಹೈಡಿಗೆ ಹೋಗುವಾಗ ಹೆಣ್ಣು ಎಂದಿನಂತೆ ಗೂಡಿನಿಂದ ಎದ್ದು ಮೇಲೆ ಸುತ್ತಲು ಶುರು ಮಾಡಿತು. ಅಜ್ಜ ಹೊರಟರು. ದೋಣಿ ಆ ಕಡೆ ಹೋಗುತ್ತಿದ್ದ ಹಾಗೇ ಪೂರ್ವದಿಂದ ಗಾಳಿ ಎದ್ದಿತು, ಹಿಂದೆಯೇ ಮಳೆ. ಜೂನ್ ತಿಂಗಳ ಮಳೆ ಎಂದು ನಾವು ತಿಳಿದುಕೊಳ್ಳುವ ಮಳೆಯಲ್ಲ. ಕೈ ಮರಗಟ್ಟುವ ತಣ್ಣನೆಯ ಮಳೆ.

ಗಾಳಿಗೆ ಹೈಡಿನ ಹಿಂದಿನ ಹಗ್ಗವೊಂದು ಕಳಚಿತು. ಬಟ್ಟೆ ಪಟ ಪಟ ಬಡಿದುಕೊಳ್ಳತೊಡಗಿತು. ಒಳಗಿನಿಂದ ಎಳೆದು ಹಿಡಿದೆ. ಒಂದು ಮೂಲೆ ಹಿಡಿದರೆ ಇನ್ನೊಂದು ಬಡಿಯುತ್ತಿತ್ತು. ಹೊರಗೆ ಹೋಗಿ ಕಟ್ಟಿದರೆ ಹಕ್ಕಿಗೆ ನಾನು ಕಾಣುತ್ತೇನೆ. ಕಂಡರೆ ಆ ದಿನಕ್ಕೆ ಅದು ಈ ಡೇರೆಯನ್ನು ನಂಬುವುದಿಲ್ಲ. ಆ ದಿನದ ಮೇಲೆ ನಮಗೆ ಇನ್ನೊಂದು ದಿನವಿರಲಿಲ್ಲ.

ಎಂಟನೇ ನಿಮಿಷಕ್ಕೆ ಹೆಣ್ಣು ಇಳಿಯಿತು. ಗೂಡಿಗಲ್ಲ, ಒಣಕೊಂಬೆಗೆ. ನಾಲ್ಕು ದಿನದಲ್ಲಿ ನಾನು ಬೇಡಿಕೊಂಡ ಜಾಗ ಅದೇ. ಫೋಕಸ್ ಸರಿ ಮಾಡಿ ಕಾಲು ನೋಡಿದೆ. ತೊಡೆಯ ಬಿಳಿ ಪುಕ್ಕ ನೆಂದು ಮೇಲಕ್ಕಂಟಿಕೊಂಡು, ಉಂಗುರ ಪೂರ್ತಿ ಬಯಲಾಗಿತ್ತು. ಆದರೆ ಅಕ್ಷರ ಅಂಕಿ ಎರಡೂ ಆ ಕಡೆಗೆ ತಿರುಗಿದ್ದವು. ಹಕ್ಕಿ ಪಕ್ಕಕ್ಕೆ ನಿಂತಿತ್ತು. ಒಂದು ಹೆಜ್ಜೆ ಬದಲಿಸಿದರೆ ಸಾಕು, ನನ್ನ ಕಡೆಗೆ. ಅದು ಡೇರೆಯನ್ನೇ ನೋಡುತ್ತಿತ್ತು. ಬಟ್ಟೆ ಬಡಿದಾಗಲೆಲ್ಲ ರೆಕ್ಕೆ ಅರ್ಧ ಬಿಚ್ಚಿ ಮುಚ್ಚುತ್ತಿತ್ತು.

ಲೆನ್ಸನ್ನು ಸ್ವಲ್ಪವೇ ಎಡಕ್ಕೆ ಸರಿಸಿದಾಗ ಗೂಡಿನ ಅಂಚಿನಲ್ಲಿ ಒಂದು ಮರಿಯ ತಲೆ ಕಂಡಿತು. ಒದ್ದೆಯಾಗಿ ಬೆರಳಿನಷ್ಟಾಗಿತ್ತು. ಮೇಲಕ್ಕೆತ್ತಿದ ತಲೆ ನಡುಗಿ ಕೆಳಗೆ ಹೋಯಿತು. ಒಟ್ಟು ಮೂರು ಮರಿ, ಎರಡು ವಾರದವು. ಆ ವಯಸ್ಸಿಗೆ ಮೈ ಬಿಸಿ ಇಟ್ಟುಕೊಳ್ಳುವ ಶಕ್ತಿ ಬಂದಿರುವುದಿಲ್ಲ, ತಾಯಿ ಮೇಲೆ ಕೂರಬೇಕು ಎಂದು ಸಂಶೋಧಕಿಯೇ ನನಗೆ ಹೇಳಿಕೊಟ್ಟಿದ್ದರು.

ಗಡಿಯಾರ ನೋಡಿದೆ. ಹನ್ನೊಂದು ನಿಮಿಷ. ಅಜ್ಜನ ನಿಯಮದ ಪ್ರಕಾರ ಇನ್ನೂ ಒಂಬತ್ತು ನಿಮಿಷ ನನ್ನದು. ಆ ನಿಯಮ ಒಣ ದಿನಕ್ಕೆ ಮಾಡಿದ್ದೋ, ಮಳೆಗೂ ಸೇರಿಸಿ ಮಾಡಿದ್ದೋ ನಾನು ಕೇಳಿರಲಿಲ್ಲ. ಕೇಳಬಹುದಿತ್ತು. ವಾಕಿಟಾಕಿ ಪಕ್ಕದಲ್ಲೇ ಇತ್ತು. ಆದರೆ ಕೇಳಿದರೆ ಸಂಶೋಧಕಿ ಉತ್ತರ ಹೇಳಬೇಕಾಗುತ್ತಿತ್ತು. ಏನು ಹೇಳಿದರೂ ಆ ಮಾತು ಅವರ ಜೊತೆಗೇ ಉಳಿಯುತ್ತಿತ್ತು. ಅದು ಅವರಿಗೆ ಬೇಡ ಅನ್ನಿಸಿತು.

ಜಿಪ್ ಎಳೆದು ಹೊರಗೆ ಬಂದೆ. ಬೂಟು ಹುಡುಕಲಿಲ್ಲ. ಕಾಲುಚೀಲದಲ್ಲೇ, ಹಕ್ಕಿಗೆ ಚೆನ್ನಾಗಿ ಕಾಣುವ ಹಾಗೆ ಎರಡೂ ಕೈ ಅಗಲಿಸಿಕೊಂಡು ಬಂಡೆಯ ಇಳಿಜಾರಿನಲ್ಲಿ ನಡೆದೆ. ಹೋಗುತ್ತಿದ್ದಾನೆ ಎಂದು ಅದಕ್ಕೆ ಗೊತ್ತಾಗಬೇಕಿತ್ತು. ಒಮ್ಮೆ ಜಾರಿ ಕೂತೆ. ನೀರಿನ ಅಂಚಿಗೆ ಬಂದು ತಿರುಗಿ ನೋಡಿದಾಗ ಒಣಕೊಂಬೆ ಖಾಲಿ ಇತ್ತು. ಗೂಡಿನಲ್ಲಿ ಅಗಲಿಸಿದ ರೆಕ್ಕೆ, ಅದರ ಮೇಲೆ ಸುರಿಯುವ ಮಳೆ.

ದೋಣಿ ಬಂತು. ಸಂಶೋಧಕಿ ನನ್ನ ಕಾಲುಚೀಲ ನೋಡಿದರು, ಆಮೇಲೆ ಮುಖ.

"ಸಿಕ್ತಾ ಅಣ್ಣಾ?"

"ಇಲ್ರೀ ಮೇಡಂ. ಎದ್ದು ಬಂದ್ಬಿಟ್ಟೆ. ಮರಿ ನೆನೀತಿದ್ವು."

"ಎಷ್ಟೊತ್ತಾಗಿತ್ತು?"

"ಹನ್ನೊಂದು ನಿಮಿಷ."

ಅವರು ಸಮುದ್ರದ ಕಡೆ ನೋಡಿದರು. "ಇನ್ನೂ ಒಂಬತ್ತಿತ್ತಲ್ಲ," ಎಂದರು. ಬೈಗುಳವಲ್ಲ. ಲೆಕ್ಕ ಹೇಳಿದ ಹಾಗೆ.

ಅಜ್ಜ ಏನಾಯಿತೆಂದು ಕೇಳಿದರು. ಸಂಶೋಧಕಿ ಸ್ವೀಡಿಷಿನಲ್ಲಿ ಎರಡು ಮಾತು ಹೇಳಿದರು. ಅಜ್ಜ ಫ್ಲಾಸ್ಕು ತೆಗೆದು ಕಾಫಿ ಬಗ್ಗಿಸಿದರು. ಅಷ್ಟು ದಿನವೂ ಹೈಡಿನಿಂದ ಬಂದವನಿಗೆ, ಅಂದರೆ ನನಗೆ, ಮೊದಲ ಲೋಟ ಕೊಡುತ್ತಿದ್ದವರು ಆ ದಿನ ಸಂಶೋಧಕಿಗೆ ಕೊಟ್ಟರು. ಅದು ಸರಿಯೇ ಆಗಿತ್ತು. ಕಳೆದುಕೊಂಡವರು ಅವರು.

ಅನುಮತಿ ಮುಂದುವರಿಸಿ ಎಂದು ಸಂಶೋಧಕಿ ಅರ್ಜಿ ಹಾಕಲಿಲ್ಲ. ಹಾಕೋಣ ಎಂದು ನಾನೇ ಎರಡು ಸಲ ಹೇಳಿದೆ. "ಸಾಕು ಅಣ್ಣ, ಅದನ್ನ ಎಷ್ಟು ಅಂತ ಗೋಳು ಹೊಯ್ಕೊಳೋದು," ಎಂದರು. ಮಳೆ ಬಿಟ್ಟ ಮೇಲೆ ದೂರದ ಬಂಡೆಯಿಂದ ಟೆಲಿಸ್ಕೋಪು ಇಟ್ಟು ಗೂಡು ನೋಡಿದೆವು. ಎರಡು ತಲೆ ಕಂಡವು. ಮೂರನೆಯದಕ್ಕಾಗಿ ಒಂದು ಗಂಟೆ ಕಾದೆವು. ಗಂಡುಹಕ್ಕಿ ಮೀನು ತಂದಾಗ ಮೂರೂ ಬಾಯಿ ತೆರೆದವು. ಅವರು ಟೆಲಿಸ್ಕೋಪಿನಿಂದ ಕಣ್ಣು ತೆಗೆಯದೆ, "ಮೂರು," ಎಂದರು. ಪುಸ್ತಕದಲ್ಲಿ ನಾನೇ ಬರೆದುಕೊಂಡೆ.

ಸೆಪ್ಟೆಂಬರಿಗೆ ನಾನು ಊರಿಗೆ ಬಂದೆ. ಮೂರನೇ ಅಧ್ಯಾಯವನ್ನು ಅವರು ಬಿಡಬೇಕಾಯಿತು. ಉಳಿದ ಗೂಡುಗಳ ವಿವರ ಇಟ್ಟುಕೊಂಡು ಬೇರೆಯದೇ ಒಂದು ಅಧ್ಯಾಯ ಬರೆದರು. ಅದಕ್ಕೆ ಇನ್ನೂ ಎಂಟು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಮಾತಾಡಿದೆವು, ಬರೀ ಕ್ಷೇಮ ಸಮಾಚಾರ. ಉಂಗುರದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ದಿನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದಾಗ ಫೋನು ಬಂತು. ಪರೀಕ್ಷೆ ಆಯಿತು, ಪಿಎಚ್‌ಡಿ ಆಯಿತು ಎಂದರು. ನನಗೆ ಖುಷಿಯಾಯಿತು, ಜೊತೆಗೆ ಭಯವೂ ಆಯಿತು. ಕೇಳದೇ ಇರಲು ಆಗಲಿಲ್ಲ.

"ಆ ನಡುಗಡ್ಡೆ ಗೂಡಿನ ಬಗ್ಗೆ ಏನಾರ ಕೇಳಿದ್ರೇನ್ರೀ ಮೇಡಂ?"

"ಕೇಳಿದ್ರು ಅಣ್ಣ. ಕೋಷ್ಟಕದಲ್ಲಿ ಆ ಸಾಲಿಗೆ ನಾನು 'ಅಂಕಿ ಓದಲಾಗಿಲ್ಲ' ಅಂತ ಬರ್ದಿದ್ದೆ. ಪರೀಕ್ಷಕರು ಅದರ ಮೇಲೆ ಬೆರಳಿಟ್ಟು, ಹದಿನಾಲ್ಕು ದಿನ ಇತ್ತಲ್ಲ, ಯಾಕೆ ಆಗಲಿಲ್ಲ ಅಂದ್ರು."

"ನೀವೇನಂದ್ರಿ?"

"ಕೊನೇ ದಿನ ಮಳೆ ಬಂತು, ಮರಿಗಳಿದ್ವು, ಎದ್ದು ಬಂದ್ವಿ ಅಂದೆ."

ಎದ್ದು ಬಂದವನು ನಾನೊಬ್ಬನೇ. ಅವರು ಬಂದ್ವಿ ಎಂದಿದ್ದರು. ಕತ್ತರಿ ಕೆಳಗಿಟ್ಟೆ.

"ಅದಕ್ಕೆ ಅವರೇನಂದ್ರು?"

"ಏನೂ ಅನ್ನಲಿಲ್ಲ ಅಣ್ಣ," ಎಂದರು. "ತಲೆ ಆಡಿಸಿ ಮುಂದಿನ ಸಾಲಿಗೆ ಹೋದ್ರು."